‘ಸ್ಕೋರ್ ಇನ್ನೂ ಆರು, ಸ್ವಲ್ಪ ಕಾಯಿರಿ’: ಚಟ ಬಿಡಿಸುವ ವಾರ್ಡಿನ ಲೆಕ್ಕ

ಮಗನನ್ನು ಚಟ ಬಿಡಿಸಲು ಆಸ್ಪತ್ರೆಗೆ ಸೇರಿಸಿದ ದಿನ ಅಪ್ಪ-ಅಮ್ಮ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಇಷ್ಟು ಒದ್ದಾಡ್ತಿದ್ದಾನಲ್ಲ ಸಿಸ್ಟರ್, ಯಾಕೆ ಇನ್ನೂ ಔಷಧಿ ಕೊಟ್ಟಿಲ್ಲ?’ ‘ಸ್ಕೋರ್ ಇನ್ನೂ ಆರು ಇದೆಯಮ್ಮ, ಸ್ವಲ್ಪ ಕಾಯಿರಿ’ ಎಂಬ ಉತ್ತರ ಕೇಳಿದರೆ ಹೊಟ್ಟೆ ಉರಿಯುವುದು ಸಹಜ. ಸಂಕಟಕ್ಕೂ ಅಂಕ ಕೊಡುತ್ತಾರೆಯೇ? ಕೊಡುತ್ತಾರೆ. ಅಫೀಮಿನ ಗುಂಪಿನ ಪದಾರ್ಥ ಬಿಟ್ಟವರ ಒದ್ದಾಟ ಅಳೆಯುವ ಆ ಅಂಕ ನೋಡದೆ ಅವಸರದಲ್ಲಿ ಮಾತ್ರೆ ಕೊಟ್ಟರೆ ಒದ್ದಾಟ ಕಡಿಮೆಯಾಗುವ ಬದಲು ಒಂದೇ ಗಂಟೆಯಲ್ಲಿ ಹತ್ತು ಪಟ್ಟಾದಂತೆ ಅನ್ನಿಸಬಹುದು.

ಹಾಸನ, ಚಿಕ್ಕಮಗಳೂರು ಕಡೆ ಚಟ ಅಂದರೆ ಮೊದಲು ನೆನಪಾಗುವುದು ಕುಡಿತ. ನೋವಿನ ಮಾತ್ರೆಗೂ ಕೆಮ್ಮಿನ ಸಿರಪ್ಪಿಗೂ ಜನ ಹೀಗೆ ಸಿಕ್ಕಿಬೀಳುತ್ತಾರೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತಾಗುವುದು ತಮ್ಮವರೊಬ್ಬರು ಮಾತ್ರೆ ಸಿಗದೆ ಹಾಸಿಗೆಯಲ್ಲಿ ಹೊರಳಾಡತೊಡಗಿದಾಗಲೇ.

ಯಾವ ಯಾವ ಪದಾರ್ಥಗಳು ಈ ಗುಂಪಿಗೆ ಸೇರುತ್ತವೆ

ಗಸಗಸೆ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದರೊಳಗೆ ಮಾರ್ಫಿನ್, ಕೆಲವು ಕೆಮ್ಮಿನ ಸಿರಪ್ಪಿನಲ್ಲಿರುವ ಕೋಡೀನ್ ಇವೆ. ಮಾರ್ಫಿನ್‌ನಿಂದ ಹೆರಾಯಿನ್ ತಯಾರಾಗುತ್ತದೆ. ನೋವಿನ ಮಾತ್ರೆಗಳಾದ ಟ್ರಮಡಾಲ್, ಟಪೆಂಟಡಾಲ್, ಜೊತೆಗೆ ಮೆಥಡೋನ್, ಫೆಂಟನಿಲ್ ಇವೆಲ್ಲ ಕಾರ್ಖಾನೆಯಲ್ಲಿ ತಯಾರಾದರೂ ಮಿದುಳಿನ ಅದೇ ಜಾಗಕ್ಕೆ ಹೋಗಿ ಕೂರುತ್ತವೆ. ಈ ಇಡೀ ಗುಂಪಿಗೆ ಓಪಿಯಾಯ್ಡ್ ಎಂದು ಹೆಸರು. ಗಾಂಜಾ ಇದರಲ್ಲಿ ಸೇರುವುದಿಲ್ಲ. ಅದನ್ನು ಬಿಟ್ಟಾಗ ಬರುವ ತೊಂದರೆಯೇ ಬೇರೆ, ಅದಕ್ಕೆ ಈ ಅಂಕಪಟ್ಟಿಯೂ ಅಲ್ಲ. (ಹಬ್ಬದ ಗಸಗಸೆ ಪಾಯಸದ ಬಗ್ಗೆ ಯಾರೂ ಗಾಬರಿಯಾಗಬೇಕಿಲ್ಲ. ನಶೆಯ ಅಂಶ ಇರುವುದು ಕಾಯಿಯ ಹಾಲಿನಲ್ಲಿ, ಬೀಜದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.)

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಸುಮಾರು ಶೇ 2.1 ಮಂದಿ ಯಾವುದಾದರೊಂದು ಓಪಿಯಾಯ್ಡ್ ಬಳಸುತ್ತಿದ್ದರು. ಹೆರಾಯಿನ್ ಶೇ 1.14 ಇದ್ದರೆ, ಔಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆ, ಸಿರಪ್, ಇಂಜೆಕ್ಷನ್ ವರ್ಗ ಶೇ 0.96. ಅಂದರೆ ಎರಡಕ್ಕೂ ಹೆಚ್ಚು ಅಂತರವಿಲ್ಲ. 2018ರಲ್ಲಿ ಟ್ರಮಡಾಲ್ ಅನ್ನೂ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದರು.

ಬಿಟ್ಟಾಗ ಮೈ ಯಾಕೆ ಹೀಗಾಡುತ್ತದೆ

ಮಿದುಳಿನ ಬುಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಸಣ್ಣ ಜಾಗವಿದೆ. ನಮ್ಮನ್ನು ಎಚ್ಚರವಾಗಿಡುವ, ಗಾಬರಿಯಾದಾಗ ಎದೆ ಬಡಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮಿದುಳಿಗೆ ಹರಡುವುದು ಮುಖ್ಯವಾಗಿ ಅಲ್ಲಿಂದ. ಓಪಿಯಾಯ್ಡ್ ಈ ಜಾಗವನ್ನು ಅದುಮಿ ಹಿಡಿಯುತ್ತದೆ. ದಿನವೂ ಅದುಮಿ ಹಿಡಿದರೆ ಅಲ್ಲಿನ ಜೀವಕೋಶಗಳು ಸುಮ್ಮನಿರುವುದಿಲ್ಲ, ತಮ್ಮ ಕಡೆಯಿಂದ ಜೋರು ಹೆಚ್ಚಿಸಿಕೊಳ್ಳುತ್ತವೆ. ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಡುತ್ತಾ ಶಿರಾಡಿ ಘಾಟಿಯ ಏರಿನಲ್ಲಿ ನಿಲ್ಲಿಸಿದ ಜೀಪಿನ ಕಥೆ ಇದು: ಬ್ರೇಕಿನಿಂದ ಕಾಲು ತೆಗೆದ ಕ್ಷಣ ಗಾಡಿ ಮುಂದಕ್ಕೆ ನೆಗೆಯುತ್ತದೆ. ಮಾತ್ರೆ ನಿಂತ ದಿನ ಆಗುವುದೂ ಅದೇ. ಬಿಟ್ಟಾಗಿನ ಈ ಸಂಕಟಕ್ಕೇ ವಿತ್‌ಡ್ರಾವಲ್ ಎನ್ನುತ್ತಾರೆ.

ಹಾಗಾಗಿ ನಿಂತಾಗ ಕಾಣುವುದೆಲ್ಲ ನಶೆಯಲ್ಲಿದ್ದಾಗ ಕಾಣುವುದರ ಉಲ್ಟಾ. ನಶೆಯಲ್ಲಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟಿರುತ್ತದೆ, ಬಿಟ್ಟಾಗ ಅಗಲವಾಗುತ್ತದೆ. ಆಗ ಮಲಬದ್ಧತೆ, ಈಗ ಭೇದಿ. ಆಗ ತೂಕಡಿಕೆ, ಈಗ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಆಗ ನೋವಿಲ್ಲ, ಈಗ ಮೂಳೆಮೂಳೆಯೂ ನೋವು.

ಯಾವಾಗ ಶುರುವಾಗುತ್ತದೆ ಎಂಬುದು ಪದಾರ್ಥದ ಮೇಲೆ ನಿಂತಿದೆ. ಹೆರಾಯಿನ್ ಆದರೆ ಕೊನೆಯ ಸಲ ತೆಗೆದುಕೊಂಡ 6ರಿಂದ 12 ಗಂಟೆಯಲ್ಲಿ ಆಕಳಿಕೆ, ಮೂಗು ಸೋರುವುದು ಶುರುವಾಗಿ, ಎರಡು-ಮೂರನೆಯ ದಿನ ತುತ್ತತುದಿ ಮುಟ್ಟಿ, ವಾರ-ಹತ್ತು ದಿನದಲ್ಲಿ ಇಳಿಯುತ್ತದೆ. ಮೆಥಡೋನ್ ಮೈಯಲ್ಲಿ ಬಹಳ ಹೊತ್ತು ಉಳಿಯುವುದರಿಂದ ಒಂದೆರಡು ದಿನ ಏನೂ ಆಗದಂತೆ ಕಂಡು, ಆಮೇಲೆ ಎರಡು-ಮೂರು ವಾರ ಎಳೆಯುತ್ತದೆ. ಮೊದಲ ದಿನ ಮಗ ಚೆನ್ನಾಗಿದ್ದಾನೆಂದು ಮನೆಗೆ ಕರೆದುಕೊಂಡು ಹೋಗುವವರು ಎಡವುವುದು ಇಲ್ಲೇ.

ಹನ್ನೊಂದು ಅಂಶ, 48 ಅಂಕ

ವಾರ್ಡಿನಲ್ಲಿ ‘ಕೌಸ್ ಸ್ಕೋರ್’ ಅನ್ನುವುದು ಕ್ಲಿನಿಕಲ್ ಓಪಿಯೇಟ್ ವಿತ್‌ಡ್ರಾವಲ್ ಸ್ಕೇಲ್ ಎಂಬ ಅಳತೆಪಟ್ಟಿಗೆ. ಇದನ್ನು ವೆಸನ್ ಮತ್ತು ಲಿಂಗ್ ಎಂಬ ಅಮೆರಿಕದ ವೈದ್ಯರು 2003ರಲ್ಲಿ ಪ್ರಕಟಿಸಿದರು. ಒಂದು ಹಾಳೆ, ಹನ್ನೊಂದು ಅಂಶ. ರೂಢಿಯಾದವರಿಗೆ ಐದು ನಿಮಿಷದೊಳಗೆ ಮುಗಿಯುವ ಕೆಲಸ.

ಮೊದಲನೆಯದು ನಾಡಿ. ರೋಗಿ ಕನಿಷ್ಠ ಒಂದು ನಿಮಿಷ ಕೂತು ಅಥವಾ ಮಲಗಿ ಸುಧಾರಿಸಿಕೊಂಡ ಮೇಲೆ ಎಣಿಸಬೇಕು. ನಿಮಿಷಕ್ಕೆ 80 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸೊನ್ನೆ, 81ರಿಂದ 100 ಇದ್ದರೆ 1, 101ರಿಂದ 120 ಇದ್ದರೆ 2, ಅದರ ಮೇಲೆ ಹೋದರೆ ನೇರ 4. ನಡುವೆ 3 ಎಂಬ ಅಂಕವೇ ಇಲ್ಲ. ಹೊಸಬರು ಈ ಪಟ್ಟಿಯಲ್ಲಿ ಹೆಚ್ಚಾಗಿ ಮಾಡುವ ತಪ್ಪೇ ಇದು: ಎರಡಕ್ಕೂ ನಾಲ್ಕಕ್ಕೂ ಮಧ್ಯೆ ಇದೆ ಎಂದು 3 ಬರೆದುಬಿಡುತ್ತಾರೆ. ಪಟ್ಟಿಯಲ್ಲಿ ಅಚ್ಚಾದ ಅಂಕ ಬಿಟ್ಟು ಬೇರೆ ಬರೆಯುವಂತಿಲ್ಲ.

ಕಣ್ಣಲ್ಲಿ ನೋಡಿ ಅಂಕ ಕೊಡುವ ಅಂಶಗಳು ಹಲವು. ಕಳೆದ ಅರ್ಧ ಗಂಟೆಯ ಬೆವರು: ಚಳಿ ಅಥವಾ ಝಳ ಎಂದು ಬಾಯಲ್ಲಿ ಹೇಳಿದರೆ 1, ಮುಖ ಕೆಂಪಾಗಿದ್ದರೆ ಅಥವಾ ಪಸೆ ಕಂಡರೆ 2, ಹಣೆಯಲ್ಲಿ ಹನಿಗಟ್ಟಿದ್ದರೆ 3, ಮುಖದಿಂದ ಇಳಿಯುತ್ತಿದ್ದರೆ 4. ಚಡಪಡಿಕೆ: ಕೂರಲು ಕಷ್ಟ ಎಂದರೂ ಕೂತಿದ್ದರೆ 1, ಮತ್ತೆ ಮತ್ತೆ ಮಗ್ಗುಲು ಬದಲಿಸುತ್ತ ಕೈಕಾಲು ಆಡಿಸುತ್ತಿದ್ದರೆ 3, ಕೆಲವೇ ಸೆಕೆಂಡೂ ಕೂರಲಾಗದಿದ್ದರೆ 5. ಪಾಪೆ: ಮಾಮೂಲಿಗಿಂತ ಸ್ವಲ್ಪ ದೊಡ್ಡದಿರಬಹುದು ಅನ್ನಿಸಿದರೆ 1, ಸಾಕಷ್ಟು ಅಗಲವಾಗಿದ್ದರೆ 2, ಸುತ್ತಲಿನ ಬಣ್ಣದ ಉಂಗುರ ಅಂಚಿನಷ್ಟೇ ಉಳಿದಿದ್ದರೆ 5. ಮೂಗು, ಕಣ್ಣಿನ ನೀರು: ಮೂಗು ಕಟ್ಟಿದ್ದರೆ ಅಥವಾ ಕಣ್ಣು ಒದ್ದೆಯಾಗಿದ್ದರೆ 1, ಸೋರುತ್ತಿದ್ದರೆ 2, ಬಿಡದೆ ಸುರಿಯುತ್ತಿದ್ದರೆ 4. ಕೈ ಮುಂದಕ್ಕೆ ಚಾಚಿಸಿ ನಡುಕ ನೋಡುತ್ತಾರೆ: ಕಣ್ಣಿಗೆ ಕಾಣದೆ ಮುಟ್ಟಿದಾಗ ಮಾತ್ರ ಗೊತ್ತಾದರೆ 1, ಸಣ್ಣಗೆ ಕಂಡರೆ 2, ಜೋರಾಗಿದ್ದರೆ ಅಥವಾ ಸ್ನಾಯು ಎಗರುತ್ತಿದ್ದರೆ 4. ಆಕಳಿಕೆ ಪರೀಕ್ಷೆಯ ಹೊತ್ತಿನಲ್ಲಿ ಒಂದೆರಡು ಸಲ ಬಂದರೆ 1, ಮೂರು ಅಥವಾ ಹೆಚ್ಚು ಬಂದರೆ 2, ನಿಮಿಷಕ್ಕೇ ಹಲವು ಬಂದರೆ 4. ಕೊನೆಗೆ ಕೂದಲು ನಿಮಿರುವುದು: ಕೈ ಸವರಿದಾಗ ಗುಳ್ಳೆಗುಳ್ಳೆಯಾಗಿ ತಾಗಿದರೆ ಅಥವಾ ತೋಳಿನ ಕೂದಲು ಎದ್ದಿದ್ದರೆ 3, ಎದ್ದುಕಾಣುವಷ್ಟಿದ್ದರೆ 5.

ಉಳಿದ ಮೂರಕ್ಕೆ ರೋಗಿಯ ಮಾತೂ ಬೇಕು. ಮೈಕೈ-ಕೀಲು ನೋವಿಗೆ 1, 2, 4. ಇದರಲ್ಲಿ 4 ಸಿಗುವುದು ಕೀಲು ತಿಕ್ಕಿಕೊಳ್ಳುತ್ತ ಕೂರಲಾಗದೆ ಇದ್ದಾಗ. ಮೊದಲೇ ಇದ್ದ ಸೊಂಟನೋವು, ಮಂಡಿನೋವು ಲೆಕ್ಕಕ್ಕಿಲ್ಲ, ಬಿಟ್ಟ ಮೇಲೆ ಹೆಚ್ಚಾದಷ್ಟು ಮಾತ್ರ. ಹೊಟ್ಟೆಗೆ, ಹಿಡಿದಂತಾದರೆ 1, ವಾಕರಿಕೆ ಅಥವಾ ಸಡಿಲ ಮಲವಾದರೆ 2, ವಾಂತಿ ಅಥವಾ ಭೇದಿಯಾದರೆ 3, ಹಲವು ಸಲವಾದರೆ 5. ಆತಂಕ, ಸಿಡುಕಿಗೆ 1, 2, 4. ಮಾತಾಡಿಸಲೂ ಆಗದಷ್ಟು ಕೆರಳಿದ್ದರೆ 4.

ಎಲ್ಲದರ ಗರಿಷ್ಠ ಕೂಡಿದರೆ 48. ಮೊತ್ತ 5ರಿಂದ 12 ಇದ್ದರೆ ಸೌಮ್ಯ, 13ರಿಂದ 24 ಮಧ್ಯಮ, 25ರಿಂದ 36 ಮಧ್ಯಮಕ್ಕಿಂತ ಜೋರು, 36 ದಾಟಿದರೆ ತೀವ್ರ.

‘ಎಲ್ಲಾ ನಾಟಕ, ಮಾತ್ರೆ ಬೇಕು ಅಂತ ಆಡ್ತಾನೆ’ ಎನ್ನುವ ಬಂಧುಗಳು ಒಂದು ವಿಷಯ ಗಮನಿಸಬೇಕು. ನೋವು ಎಂದು ಸುಳ್ಳು ಹೇಳಬಹುದು, ಕಾಲು ಆಡಿಸಲೂಬಹುದು. ಪಾಪೆಯನ್ನು ಬೇಕೆಂದಾಗ ಅಗಲಿಸಲು, ತೋಳಿನ ಕೂದಲನ್ನು ನಿಲ್ಲಿಸಲು ಯಾರಿಗೂ ಬರುವುದಿಲ್ಲ. ಆ ಎರಡೂ ಅಂಶಗಳಿಗೆ ಪಟ್ಟಿಯಲ್ಲಿ ಐದೈದು ಅಂಕದವರೆಗೆ ಇಟ್ಟಿದ್ದಾರೆ. ಇದರ ಜೊತೆಗೆ ಕೆಲವೆಡೆ ರೋಗಿಯೇ ತುಂಬುವ ಇನ್ನೊಂದು ಪಟ್ಟಿ ಕೊಡುತ್ತಾರೆ. ಅದರಲ್ಲಿ 16 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4, ಒಟ್ಟು 64. ಹೊರಗೆ ಕಾಣುವುದಕ್ಕೂ ಒಳಗೆ ಅನುಭವಿಸುವುದಕ್ಕೂ ಎಷ್ಟು ಅಂತರ ಎಂಬುದು ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ

ಬಿಟ್ಟು ಒಂದು ದಿನವಾದ, ಹೆರಾಯಿನ್ ಬಳಸುತ್ತಿದ್ದ ಯುವಕ ಎಂದಿಟ್ಟುಕೊಳ್ಳಿ. ನಾಡಿ 96, ಅಂಕ 1. ಮುಖದಲ್ಲಿ ಪಸೆ, 2. ಮಗ್ಗುಲು ಬದಲಿಸುತ್ತಲೇ ಇದ್ದಾನೆ, 3. ಪಾಪೆ ಸಾಕಷ್ಟು ಅಗಲ, 2. ಮೈಯೆಲ್ಲ ಜೋರು ನೋವು, 2. ಮೂಗು ಸೋರುತ್ತಿದೆ, 2. ವಾಕರಿಕೆ, 2. ಕೈ ಸಣ್ಣಗೆ ನಡುಗುತ್ತಿದೆ, 2. ನಾಲ್ಕು ಸಲ ಆಕಳಿಸಿದ, 2. ಸಿಡುಕು ಎದ್ದು ಕಾಣುತ್ತಿದೆ, 2. ತೋಳು ಸವರಿದರೆ ಗುಳ್ಳೆ ತಾಗುತ್ತಿದೆ, 3. ಒಟ್ಟು 23, ಮಧ್ಯಮ.

ಇದೇ ಹುಡುಗನನ್ನು ಜುಲೈ ತಿಂಗಳ ಮಳೆಯಲ್ಲಿ ಮೂಡಿಗೆರೆಯಿಂದ ಬೈಕಿನ ಹಿಂದೆ ಕೂರಿಸಿಕೊಂಡು ಬಂದು, ಒದ್ದೆ ಅಂಗಿಯಲ್ಲೇ ಮೆಟ್ಟಿಲು ಹತ್ತಿಸಿ, ಕೂರಿಸಿದ ತಕ್ಷಣ ಪರೀಕ್ಷೆ ಮಾಡಿದರು ಎನ್ನಿ. ನಾಡಿ 112 ಬರುತ್ತದೆ, 1 ಇದ್ದದ್ದು 2. ಚಳಿಗೆ ಕೂದಲು ನಿಗುರಿ ನಿಂತಿದೆ, 3 ಇದ್ದದ್ದು 5. ಮೊತ್ತ 26. ರೋಗ ಒಂದಿಷ್ಟೂ ಹೆಚ್ಚಾಗಿಲ್ಲ, ಆದರೆ ಕೇಸ್ ಶೀಟಿನಲ್ಲಿ ಅವನು ಮೇಲಿನ ದರ್ಜೆಗೆ ಏರಿಬಿಟ್ಟ. ಔಷಧಿಯ ಪ್ರಮಾಣ ಅದನ್ನು ನೋಡಿಯೇ ತೀರ್ಮಾನವಾಗುತ್ತದೆ.

ಅಂಕ ಕೆಡುವುದು ಎಲ್ಲೆಲ್ಲಿ

ಮಲೆನಾಡಿನ ಮಳೆಗಾಲ ಈ ಪಟ್ಟಿಗೆ ದೊಡ್ಡ ಶತ್ರು. ಬಟ್ಟೆ ಬದಲಿಸಿ, ಕಂಬಳಿ ಹೊದಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಆಮೇಲೂ ಕೂದಲು ಎದ್ದಿದ್ದರೆ ಅದು ವಿತ್‌ಡ್ರಾವಲ್. ಮೂಗು ಸೋರುವುದಕ್ಕೆ ಶೀತ, ಬೆವರಿಗೆ ಸೆಕೆ ಕಾರಣವಾಗಿದ್ದರೆ ಅಂಕವಿಲ್ಲ. ಬಂದವರಿಗೆಲ್ಲ ಕಾಫಿ ಕೊಡುವ ಊರು ನಮ್ಮದು. ಪರೀಕ್ಷೆಗೆ ಮುಂಚೆ ಸ್ಟ್ರಾಂಗ್ ಕಾಫಿ, ಅದರ ಮೇಲೊಂದು ಬೀಡಿ ಆದರೆ ನಾಡಿ ಏರಿರುತ್ತದೆ.

ಪಾಪೆ ನೋಡುವುದರಲ್ಲಿ ಎರಡು ತೊಡಕು. ಕರೆಂಟು ಹೋಗಿ ಕತ್ತಲಾಗಿದ್ದರೆ ಯಾರ ಪಾಪೆಯಾದರೂ ಅಗಲವೇ, ಟಾರ್ಚ್ ಬಿಟ್ಟರೆ ಯಾರದಾದರೂ ಕಿರಿದೇ. ಕೋಣೆಯ ಮಾಮೂಲು ಬೆಳಕಿನಲ್ಲಿ, ಪ್ರತಿಸಲವೂ ಅದೇ ಜಾಗದಲ್ಲಿ ಕೂರಿಸಿ ನೋಡಬೇಕು. ಇನ್ನು ನಮ್ಮವರ ಕಣ್ಣು ಕಡುಕಂದು. ಪಾಪೆ ಎಲ್ಲಿ ಮುಗಿಯಿತು, ಉಂಗುರ ಎಲ್ಲಿ ಶುರುವಾಯಿತು ಎಂಬುದು ದೂರದಿಂದ ತಿಳಿಯುವುದಿಲ್ಲ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಕೂರಿಸಿ, ಹತ್ತಿರ ಹೋಗಿ ನೋಡಿದರೆ ಅಂಚು ಸಿಗುತ್ತದೆ.

ಔಷಧಿಯೂ ಅಂಕವನ್ನು ಮರೆಮಾಡುತ್ತದೆ. ವಿತ್‌ಡ್ರಾವಲ್ ತಗ್ಗಿಸಲು ಕೊಡುವ ಕ್ಲೋನಿಡಿನ್ ನಾರ್‌ಅಡ್ರಿನಲಿನ್‌ನ ಹರಿವನ್ನೇ ಇಳಿಸುತ್ತದೆ. ನಾಡಿ, ಬೆವರು, ನಡುಕ ತಗ್ಗಿ ಸ್ಕೋರ್ ಚೆನ್ನಾಗಿ ಕಾಣುತ್ತದೆ. ಆದರೆ ಮೈನೋವು, ನಿದ್ದೆಗೇಡು, ಬೇಕೆಂಬ ಹಂಬಲ ಹೆಚ್ಚೇನೂ ಇಳಿದಿರುವುದಿಲ್ಲ. ಇದು ಬಿಪಿಯನ್ನೂ ಇಳಿಸುವುದರಿಂದ ಪ್ರತಿ ಡೋಸಿಗೂ ಮುಂಚೆ ಬಿಪಿ ನೋಡಬೇಕು. ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಆ ಡೋಸ್ ತಡೆಯುತ್ತಾರೆ. ಬಿಪಿಗೋ ಕೈನಡುಕಕ್ಕೋ ಪ್ರೊಪ್ರನಾಲಾಲ್ ತೆಗೆದುಕೊಳ್ಳುತ್ತಿರುವವರ ನಾಡಿಯೂ ಏರುವುದಿಲ್ಲ.

ತೋಟದ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರ ವಿಷಯದಲ್ಲಿ ಭಾಷೆಯೇ ಅಂಕ ಕಡಿಮೆ ಮಾಡಿಬಿಡುತ್ತದೆ. ನೋವು, ವಾಕರಿಕೆ, ಆತಂಕ ಕೇಳಿ ತಿಳಿಯುವಂಥವು. ಮಾತು ಅರ್ಥವಾಗದಿದ್ದರೆ ಎಲ್ಲಕ್ಕೂ ಸೊನ್ನೆ ಬೀಳುತ್ತದೆ. ಅವರ ಭಾಷೆ ಬಲ್ಲ ಇನ್ನೊಬ್ಬರನ್ನು ಕರೆಸುವುದೇ ಸರಿಯಾದ ದಾರಿ.

ಈ ಎಲ್ಲ ಕಾರಣಕ್ಕೆ ಒಂದು ಸಲದ ಸ್ಕೋರಿಗೆ ನನ್ನ ಮಟ್ಟಿಗೆ ಅರ್ಧ ಬೆಲೆ. ಶುರುವಿನಲ್ಲಿ ನಾಲ್ಕು ಗಂಟೆಗೊಮ್ಮೆ, ಔಷಧಿ ಕೊಡುವ ಮುಂಚೆ, ಕೊಟ್ಟು ಒಂದೆರಡು ಗಂಟೆಯಾದ ಮೇಲೆ, ಸಾಧ್ಯವಾದರೆ ಒಬ್ಬರೇ ನೋಡಿ ಬರೆದ ಸಾಲು ಅಂಕಗಳು ಏರುತ್ತಿವೆಯೋ ಇಳಿಯುತ್ತಿವೆಯೋ ಎಂಬುದರಲ್ಲಿ ಸತ್ಯವಿದೆ.

ವಿತ್‌ಡ್ರಾವಲ್‌ನಂತೆ ಕಂಡರೂ ಅದಲ್ಲದ್ದು

ಆಲೂಗಡ್ಡೆ, ಶುಂಠಿ ಬೆಳೆಯುವ ಹಾಸನದಲ್ಲಿ ಮರೆಯಬಾರದ್ದು ಕೀಟನಾಶಕದ ವಿಷ. ಆರ್ಗನೋಫಾಸ್ಫೇಟ್ ಜಾತಿಯ ಔಷಧಿ ಸಿಂಪಡಿಸಿದವರಲ್ಲಿ ಬೆವರು, ಕಣ್ಣೀರು, ಮೂಗಿನ ನೀರು, ವಾಂತಿ, ಭೇದಿ ಎಲ್ಲವೂ ಬರುತ್ತವೆ. ಪಟ್ಟಿ ಹಿಡಿದು ಕೂತರೆ ಒಳ್ಳೆಯ ಅಂಕವೇ ಬರುತ್ತದೆ. ಬೇರ್ಪಡಿಸುವುದು ಪಾಪೆ: ವಿಷದಲ್ಲಿ ಸಾಮಾನ್ಯವಾಗಿ ಸೂಜಿಮೊನೆ, ವಿತ್‌ಡ್ರಾವಲ್‌ನಲ್ಲಿ ಅಗಲ. ಬಾಯಲ್ಲಿ ಜೊಲ್ಲು ಸುರಿಯುತ್ತ ಉಸಿರು ಗೊರಗೊರ ಅನ್ನುತ್ತಿದ್ದರೆ ಲೆಕ್ಕ ಬಿಟ್ಟು ತುರ್ತು ವಿಭಾಗಕ್ಕೆ ಓಡಬೇಕು.

ಜೋರು ಜ್ವರವೂ ವಿತ್‌ಡ್ರಾವಲ್‌ನ ಲಕ್ಷಣವಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯಿಂದ ಚಳಿಗಾಲ-ಬೇಸಿಗೆಯಲ್ಲಿ ಜ್ವರ, ತಲೆನೋವು, ಮೈಕೈ ನೋವು, ವಾಂತಿ ಎಂದು ಬಂದವರಿಗೆ ಮಂಗನ ಕಾಯಿಲೆಯ ಪರೀಕ್ಷೆ ಮೊದಲು.

ಇನ್ನು ಕುಡಿತ. ಮಾತ್ರೆಯ ಜೊತೆ ದಿನವೂ ಕುಡಿಯುತ್ತಿದ್ದವರು ಎರಡನ್ನೂ ಒಟ್ಟಿಗೆ ಬಿಟ್ಟಿರುತ್ತಾರೆ. ಓಪಿಯಾಯ್ಡ್ ಬಿಟ್ಟವರು ಎಷ್ಟೇ ನರಳಿದರೂ ಬುದ್ಧಿ ಸ್ವಚ್ಛವಾಗಿರುತ್ತದೆ, ಇವತ್ತು ಯಾವ ವಾರ ಎಂದರೆ ಹೇಳುತ್ತಾರೆ. ಇಲ್ಲದ ಹುಳು-ಹಾವು ಕಾಣುವುದು, ತಡಬಡಿಸುವುದು, ಫಿಟ್ಸ್ ಬರುವುದು ಮದ್ಯ ಅಥವಾ ನಿದ್ದೆಮಾತ್ರೆ ನಿಂತ ಸೂಚನೆ. ಅದು ಜೀವಕ್ಕೇ ಅಪಾಯ, ಅದಕ್ಕೆ ಬೇರೆಯೇ ಅಳತೆಪಟ್ಟಿ ಇದೆ. ಟ್ರಮಡಾಲ್ ಮಾತ್ರ ಈ ನಿಯಮಕ್ಕೆ ಪೂರ್ತಿ ಒಗ್ಗುವುದಿಲ್ಲ. ಅದು ಮಿದುಳಿನ ಸಿರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಮೇಲೂ ಕೆಲಸ ಮಾಡುವುದರಿಂದ ಬಿಟ್ಟಾಗ ಕೆಲವರಿಗೆ ಗೊಂದಲ, ವಿಪರೀತ ಭಯ, ಕೈಕಾಲು ಜುಮುಜುಮು ಬರುತ್ತವೆ, ಹೆಚ್ಚು ಡೋಸಿನಲ್ಲಿದ್ದಾಗ ಫಿಟ್ಸ್ ಕೂಡ. ಕೌಸ್ ಪಟ್ಟಿಯಲ್ಲಿ ಇವಕ್ಕೆ ಜಾಗವೇ ಇಲ್ಲ.

ಮೊದಲ ಮಾತ್ರೆಗೆ ಕಾಯಿಸುವುದು ಯಾಕೆ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹೆಚ್ಚಾಗಿ ಬಳಸುವ ಔಷಧಿ ಬ್ಯುಪ್ರೆನಾರ್ಫಿನ್, ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಇದೂ ಓಪಿಯಾಯ್ಡೇ, ಆದರೆ ಅರ್ಧ ಶಕ್ತಿಯದು. ಹಿಡಿತ ಮಾತ್ರ ಬಲು ಬಿಗಿ. ಮಿದುಳಿನಲ್ಲಿ ಹೆರಾಯಿನ್ ಇನ್ನೂ ಕೂತಿರುವಾಗ ಇದನ್ನು ಕೊಟ್ಟರೆ ಅದನ್ನು ತಳ್ಳಿ ತಾನು ಕೂರುತ್ತದೆ. ಪೂರ್ತಿ ಶಕ್ತಿ ಇದ್ದಲ್ಲಿ ಒಮ್ಮೆಲೇ ಅರ್ಧವಾಗುತ್ತದೆ. ಮೂರು ದಿನದಲ್ಲಿ ಬರಬೇಕಿದ್ದ ಸಂಕಟ ಒಂದೆರಡು ಗಂಟೆಯೊಳಗೆ ಮೈಮೇಲೆ ಬೀಳುತ್ತದೆ. ಹಾಗೆ ಆದವರು ಈ ಔಷಧಿಯ ಹೆಸರೆತ್ತಿದರೆ ಸಾಕು, ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ.

ಹೆರಾಯಿನ್ ತಾನಾಗಿ ಜಾಗ ಬಿಟ್ಟಿತೇ ಎಂದು ತಿಳಿಯಲು ಇರುವ ಕಿಟಕಿಯೇ ಸ್ಕೋರ್. ಕನಿಷ್ಠ 12 ಗಂಟೆಯಾಗಿ, ಸ್ಕೋರ್ 8ರಿಂದ 12ರ ಗಡಿ ಮುಟ್ಟಿದ ಮೇಲೆ 2ರಿಂದ 4 ಮಿ.ಗ್ರಾಂ. ಕೊಟ್ಟು ಶುರುಮಾಡುತ್ತಾರೆ. ಮೆಥಡೋನ್ ಆದರೆ ಒಂದರಿಂದ ಮೂರು ದಿನ ಕಾಯಬೇಕು. ಮಾತ್ರೆ ಪೂರ್ತಿ ಕರಗುವವರೆಗೆ ನುಂಗಬಾರದು, ನುಂಗಿದರೆ ಕೆಲಸ ಮಾಡುವುದಿಲ್ಲವೆಂದೇ ಹೇಳಬೇಕು. ಒಂದೆರಡು ಗಂಟೆ ಬಿಟ್ಟು ಮತ್ತೆ ಸ್ಕೋರ್ ತೆಗೆಯುತ್ತಾರೆ. ಇಳಿದಿದ್ದರೆ ದಾರಿ ಸರಿ. ಏಕಾಏಕಿ ಏರಿದ್ದರೆ ಬೇಗ ಕೊಟ್ಟೆವು ಎಂದರ್ಥ. ಇದನ್ನು ಮನೆಯಲ್ಲಿ ಮಾಡಲು ಹೋಗಬಾರದು. ಮೈಕೈ ನೋವು ಎಂದು ಔಷಧಿ ಅಂಗಡಿಯಿಂದ ತಂದ ಮಾತ್ರೆಯಲ್ಲಿ ಟ್ರಮಡಾಲ್ ಇದ್ದರಂತೂ ಇಡೀ ಲೆಕ್ಕ ಮೊದಲಿಂದ.

ಅಂಕ ಹೇಳದ ವಿಷಯಗಳು

ಸ್ಕೋರ್ ಎಷ್ಟು ಕಷ್ಟ ಎಂಬುದನ್ನು ಹೇಳುತ್ತದೆ, ಎಷ್ಟು ಅಪಾಯ ಎಂಬುದನ್ನಲ್ಲ. ವಾಂತಿ-ಭೇದಿಯಿಂದ ನೀರು ಕಳೆದುಕೊಂಡವರ ಸ್ಥಿತಿ ಸ್ಕೋರ್ 18 ಇದ್ದಾಗಲೇ ಬಿಗಡಾಯಿಸಬಹುದು. ನಾಲಗೆ ಒಣಗಿದೆಯೇ, ಮೂತ್ರ ಆಗುತ್ತಿದೆಯೇ ನೋಡಿ ಓಆರ್‌ಎಸ್ ಕುಡಿಸುತ್ತಿರಬೇಕು. ನಿಲ್ಲದಿದ್ದರೆ ಡ್ರಿಪ್. ಗರ್ಭಿಣಿಯರಿಗೆ ಹಠಾತ್ತಾಗಿ ಬಿಡಿಸುವುದೇ ತಪ್ಪು, ಗರ್ಭಪಾತ, ಅವಧಿಪೂರ್ವ ಹೆರಿಗೆಯ ಭಯವಿದೆ. ಅವರಿಗೆ ವೈದ್ಯರು ಬದಲಿ ಔಷಧಿ ಮುಂದುವರಿಸುತ್ತಾರೆ. ಹುಟ್ಟಿದ ಮಗುವನ್ನು ನೋಡಲು ಬೇರೆ ಪಟ್ಟಿ ಇದೆ.

ಸ್ಕೋರ್ ಸೊನ್ನೆಗೆ ಬಂದು ಮನೆಗೆ ಹೋದ ಮೇಲಿನ ವಾರಗಳೇ ಎಲ್ಲಕ್ಕಿಂತ ಅಪಾಯದವು. ಹತ್ತು ದಿನ ಬಿಟ್ಟ ಮೈ ಹಳೆಯ ಡೋಸನ್ನು ತಡೆದುಕೊಳ್ಳುವುದಿಲ್ಲ. ಮುಂಚೆ ಏನೂ ಆಗದಿದ್ದ ಅದೇ ಪ್ರಮಾಣಕ್ಕೆ ಉಸಿರು ನಿಲ್ಲಬಹುದು. ಎಬ್ಬಿಸಿದರೆ ಏಳುವುದಿಲ್ಲ, ಉಸಿರು ತೀರಾ ನಿಧಾನ, ತುಟಿ ನೀಲಿ, ಪಾಪೆ ಸೂಜಿಮೊನೆ: ಇಷ್ಟು ಕಂಡರೆ 108ಕ್ಕೆ ಕರೆ ಮಾಡಿ, ಮಗ್ಗುಲಾಗಿ ಮಲಗಿಸಿ, ಏನು ತೆಗೆದುಕೊಂಡಿದ್ದಾರೆಂದು ಮುಚ್ಚಿಡದೆ ಹೇಳಬೇಕು. ನಲಾಕ್ಸೋನ್ ಇಂಜೆಕ್ಷನ್ ಕೊಟ್ಟರೆ ಉಸಿರು ಮರಳುತ್ತದೆ. ಬರೀ ಮೈ ಸ್ವಚ್ಛ ಮಾಡಿ ಕಳಿಸುವುದಕ್ಕಿಂತ ತಿಂಗಳುಗಟ್ಟಲೆ ಔಷಧಿ ಮುಂದುವರಿಸುವುದು ಜೀವ ಉಳಿಸುತ್ತದೆ ಎಂದು ವೈದ್ಯರು ಹೇಳುವುದು ಇದಕ್ಕೇ.

ಆಸ್ಪತ್ರೆಗೆ ಹೊರಡುವಾಗ

ಹಾಸನ ಮತ್ತು ಚಿಕ್ಕಮಗಳೂರು ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಮನೋವೈದ್ಯರನ್ನು ಕೇಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಆದರೆ ನಾಲ್ಕೈದು ಗಂಟೆಯ ದಾರಿಯಲ್ಲಿ ವಿತ್‌ಡ್ರಾವಲ್ ಶುರುವಾಗಿಬಿಡಬಹುದು. ನೀರು, ಓಆರ್‌ಎಸ್, ಒಂದು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರು ಜೊತೆಗಿರಲಿ.

ವೈದ್ಯರಿಗೆ ಬೇಕಾದ ಮಾಹಿತಿ ಇಷ್ಟು: ಯಾವ ಪದಾರ್ಥ, ದಿನಕ್ಕೆ ಎಷ್ಟು, ಕೊನೆಯ ಸಲ ಎಷ್ಟು ಗಂಟೆಗೆ, ಜೊತೆಗೆ ಕುಡಿತ ಅಥವಾ ನಿದ್ದೆಮಾತ್ರೆ ಇತ್ತೇ, ಬೇರೆ ಕಾಯಿಲೆಗೆ ಏನು ತೆಗೆದುಕೊಳ್ಳುತ್ತಿದ್ದಾರೆ. ಖಾಲಿ ಮಾತ್ರೆ ಹಾಳೆ ಕಸದಬುಟ್ಟಿಯಲ್ಲಿದ್ದರೂ ಹುಡುಕಿ ತನ್ನಿ. ಪೊಲೀಸರ ಭಯಕ್ಕೆ ಸುಳ್ಳು ಹೇಳುವವರಿದ್ದಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸ್ವಂತ ಬಳಕೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಿಕೊಳ್ಳದಿದ್ದರೆ ಆ ರಕ್ಷಣೆ ಹಿಂಪಡೆಯಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿಮಾನಸ್ 14416. ಎರಡೂ ಉಚಿತ, ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.